ಸೊಂಟದ ರಿವಾಲ್ವರ್, ಸೊಂಟದ ತುರಿಕೆ: ನನ್ನ ಅನುಭವ

ಎರಡು ಬೇಸಿಗೆ ಆಯ್ತು, ನನ್ನ ಬಲಸೊಂಟದಲ್ಲಿ ಒಂದು ಗುಳ್ಳೆ ಎದ್ದಿಲ್ಲ. ಗನ್ ಲೈಸೆನ್ಸ್ ಇರುವ ನಮ್ಮ ಖೇಣಿ (ಅಡಿಕೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವ) ಗೆಳೆಯರಲ್ಲಿ ಯಾರೂ ಇದು ಆಗುತ್ತೆ ಅಂತ ನಂಬಿರಲಿಲ್ಲ. ‘ಗನ್ ಕಟ್ಟಿದ ಮೇಲೆ ತುರಿಕೆ ಇದ್ದದ್ದೇ, ಪೌಡರ್ ಹೊಡ್ಕೊಂಡು ಸುಮ್ನಿರು’ ಅಂದವರೇ ಎಲ್ಲ. ನಮ್ಮ ಭಾವನಂತೂ ‘ಮೊದಲು ಹೊಟ್ಟೆ ಕರಗ್ಸು, ತುರಿಕೆ ತಾನೇ ಹೋಗುತ್ತೆ’ ಅಂತ ನಕ್ಕಿದ್ದರು. ಹೊಟ್ಟೆ ಈಗಲೂ ಹಾಗೇ ಇದೆ. ತುರಿಕೆ ಹೋಗಿದೆ.

ನನ್ನ ಹತ್ತಿರ ಇರುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32 ರಿವಾಲ್ವರ್. ಆರು ಗುಂಡಿನದು, ತೂಕ ಮುಕ್ಕಾಲು ಕೆಜಿ ಆಸುಪಾಸು. ಅಡಿಕೆ ಸೀಸನ್‌ನಲ್ಲಿ ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರ ಅಂತ ಬೆಳಿಗ್ಗೆಯಿಂದ ರಾತ್ರಿವರೆಗೆ ಸುತ್ತಾಟ. ಜೊತೆಗೆ ಅಡಿಕೆ ಬೇಯಿಸುವ ಹಂಡೆ ಪಕ್ಕ ನಿಲ್ಲಬೇಕು. ಹಬೆ, ಹೊಗೆ, ಬೆವರು, ಸೊಂಟದಲ್ಲಿ ಕಬ್ಬಿಣ. ಕಟ್ಟಿಕೊಂಡವರಿಗೆ ಗೊತ್ತು, ಹೇಳಬೇಕಿಲ್ಲ.

ಮೊದಲು ಕೊಂಡಿದ್ದು ಹೊಟ್ಟೆಗೆ ಸುತ್ತುವ ಎಲಾಸ್ಟಿಕ್ ಪಟ್ಟಿ. ಒಂಬೈನೂರೋ ಸಾವಿರವೋ ಕೊಟ್ಟ ನೆನಪು. ಅಂಗಿ ಒಳಗೆ ಚೆನ್ನಾಗಿ ಅಡಗುತ್ತಿತ್ತು, ಅದನ್ನು ಒಪ್ಪಬೇಕು. ಆದರೆ ಮಧ್ಯಾಹ್ನದ ಹೊತ್ತಿಗೆ ಒಳಗೆಲ್ಲ ನೆಂದು ಮುದ್ದೆ. ಬೆವರುಸಾಲೆ ಎದ್ದಿತು, ಪಟ್ಟಿಯ ಅಂಚು ತಾಗುವ ಕಡೆ ಗೆರೆ ಎಳೆದಂತೆ ಚರ್ಮ ಕಿತ್ತುಬಂತು. ಅದನ್ನು ಬಿಟ್ಟು ಬೆಂಗಳೂರಿನಿಂದ ಚರ್ಮದ ಹೋಲ್ಸ್ಟರ್ (ಗನ್ ಇಡುವ ಗೂಡು) ತರಿಸಿದೆ, ಎರಡು ಸಾವಿರದ ಮೇಲೆ ಬಿತ್ತು. ಪ್ಯಾಂಟ್ ಒಳಗೆ ಸಿಕ್ಕಿಸುವಂಥದ್ದು. ಒಂದು ತಿಂಗಳು ಪರವಾಗಿಲ್ಲ ಅನ್ನಿಸಿತು. ಆಮೇಲೆ ಶುರುವಾಯ್ತು ನೋಡಿ ಅಸಲಿ ಆಟ.

ಸೊಂಟದಲ್ಲಿ ತುರಿಕೆ ಎದ್ದಿತು, ಮೆಡಿಕಲ್ ಶಾಪಿನ ಹುಡುಗ ಒಂದು ಟ್ಯೂಬ್ ಕೊಟ್ಟ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ನಿಲ್ಲಿಸಿದರೆ ದುಪ್ಪಟ್ಟು. ಹೀಗೆ ಕೆಲವು ತಿಂಗಳು ನಡೆದು, ರೂಪಾಯಿ ಅಗಲ ಇದ್ದದ್ದು ಅಂಗೈ ಅಗಲ ಆಯ್ತು, ತೊಡೆಸಂದಿಗೂ ಇಳಿಯಿತು. ಚರ್ಮದ ಡಾಕ್ಟರ್ ಟ್ಯೂಬ್ ನೋಡಿದ ಕೂಡಲೇ ತಲೆ ಚಚ್ಚಿಕೊಂಡರು. ಅದರೊಳಗೆ ಸ್ಟೀರಾಯ್ಡ್ ಇದೆ. ಹುಳುಕಡ್ಡಿಗೆ ಸ್ಟೀರಾಯ್ಡ್ ಹಚ್ಚಿದರೆ ಉರಿ ಅಡಗುತ್ತೆ, ಒಳಗೆ ಫಂಗಸ್ ಮಾತ್ರ ಆರಾಮಾಗಿ ಹರಡುತ್ತೆ. ಅಂಚಿನ ಉಂಗುರವೂ ಅಳಿಸಿಹೋಗಿ ಏನು ಕಾಯಿಲೆ ಅಂತ ಗುರುತು ಸಿಗಲ್ಲ. ಇಂಥ ಕ್ರೀಮುಗಳನ್ನು 2018ರಲ್ಲೇ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದಾರೆ. ಆದರೂ ಕೌಂಟರ್ ಮೇಲೆ ಸಿಗುತ್ತೆ. ಫಂಗಸ್ ವಾಸಿಯಾಗೋಕೆ ವಾರಗಟ್ಟಲೆ ಮಾತ್ರೆ, ಫೀಸು, ಔಷಧಿ ಎಲ್ಲ ಸೇರಿ ಏಳೆಂಟು ಸಾವಿರ ಹೋಯ್ತು.

ಫಂಗಸ್ ಹೋಯ್ತು. ಆದರೆ ಸೊಂಟದ ಮೂಳೆ ಮೇಲಿನ ಒಂದು ಜಾಗ ಮಾತ್ರ ಬಿಡಲಿಲ್ಲ. ಅಲ್ಲಿ ಸಣ್ಣ ಸಣ್ಣ ನೀರುಗುಳ್ಳೆ, ಒಡೆದರೆ ಅಂಟು ಅಂಟು, ಒಣಗಿದರೆ ಹೊಟ್ಟು.

ದಾರಿ ತೋರಿಸಿದ್ದು ಎಲೆಕ್ಷನ್! 2024ರ ಲೋಕಸಭಾ ಚುನಾವಣೆಗೆ ಮಾರ್ಚ್ ಮಧ್ಯದಲ್ಲಿ ನೀತಿ ಸಂಹಿತೆ ಬಂತು, ಎಲ್ಲರಂತೆ ನಾನೂ ಗನ್ ಸ್ಟೇಷನ್‌ಗೆ ಡೆಪಾಸಿಟ್ ಮಾಡಿದೆ. ದಾವಣಗೆರೆಯಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಅಷ್ಟು ದಿನ ಸೊಂಟ ಖಾಲಿ. ಏಪ್ರಿಲ್‌ನಲ್ಲಿ ನಮ್ಮೂರು ಹೇಗೆ ಕಾಯುತ್ತೆ ಗೊತ್ತಲ್ಲ, ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು. ಅಂಥ ಬಿಸಿಲಲ್ಲೇ ಆ ಜಾಗ ವಾಸಿಯಾಯ್ತು! ಬೆವರೇ ಕಾರಣ ಆಗಿದ್ದರೆ ಇನ್ನೂ ಜಾಸ್ತಿ ಆಗಬೇಕಿತ್ತು ಅಲ್ವಾ?

ತಲೆಗೆ ಹುಳ ಬಿಟ್ಟಂತಾಯ್ತು. ಚರ್ಮ ಪೂರ್ತಿ ತಿಳಿಯಾದ ಮೇಲೆ ಬರೀ ಖಾಲಿ ಹೋಲ್ಸ್ಟರ್ ಸಿಕ್ಕಿಸಿಕೊಂಡು ಓಡಾಡಿದೆ, ಒಳಗೆ ಒಂದು ಕರ್ಚೀಫು ತುರುಕಿ. ಮನೆಯವಳು ‘ಗನ್ ಇಲ್ದೆ ಗೂಡು ಯಾಕ್ರೀ ಹೊತ್ಕೊಂಡು ತಿರುಗ್ತೀರಿ’ ಅಂತ ಕೇಳಿದಳು. ಒಂದೆರಡು ದಿನಕ್ಕೇ ಅದೇ ಜಾಗದಲ್ಲಿ ತುರಿಕೆ. ಕನ್ನಡಿ ಎದುರು ನಿಂತು ಹೋಲ್ಸ್ಟರನ್ನು ಗುಳ್ಳೆಗೆ ಹೊಂದಿಸಿ ನೋಡಿದೆ. ಮೇಲಿನ ಪಟ್ಟಿಯನ್ನು ಟಿಚ್ ಅಂತ ಹಾಕುವ ಬಟನ್ ಇರುತ್ತಲ್ಲ, ಅದರ ಹಿಂಬದಿಯ ಲೋಹದ ತಟ್ಟೆ ಸರಿಯಾಗಿ ಗುಳ್ಳೆಯ ನಡುವೆ ಕೂತಿತು. ಅದರ ಸುತ್ತ ತೆಳುವಾದ ಕೆಂಪು, ಚರ್ಮದ ಬೆನ್ನು ತಾಗುವಷ್ಟು ಅಗಲಕ್ಕೆ. ಅಂದರೆ ಗನ್ನಿನ ತಪ್ಪು ಏನೂ ಇಲ್ಲ, ಗೂಡಿನದ್ದೇ ತಪ್ಪು.

ಡಾಕ್ಟರ್ ಹತ್ತಿರ ಹೋಗಿ ಇದನ್ನು ಹೇಳಿದಾಗ ಅವರು ಯಾವ ವಸ್ತು ಚರ್ಮಕ್ಕೆ ಆಗಲ್ಲ ಅಂತ ನೋಡೋಕೆ ಬೆನ್ನಿಗೆ ಪಟ್ಟಿ ಅಂಟಿಸುವ ಟೆಸ್ಟ್ ಮಾಡಿಸಿದರು. ಎರಡು ದಿನ ಸ್ನಾನ ಇಲ್ಲ, ಬೆವರಬಾರದು. 48 ಗಂಟೆಗೆ ಒಮ್ಮೆ ತೆಗೆದು ನೋಡ್ತಾರೆ, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ. ನಿಕಲ್ ಜಾಗ ದಪ್ಪಗೆ ಎದ್ದಿತ್ತು. ಕ್ರೋಮಿಯಂ ಸ್ವಲ್ಪ ಕಮ್ಮಿ. ಗಾರೆ ಕೆಲಸದವರ ಕೈ ಸಿಮೆಂಟಿನಿಂದ ಒಡೆಯುವುದಕ್ಕೂ ಇದೇ ಕ್ರೋಮಿಯಂ ಒಂದು ಕಾರಣವಂತೆ. ಬೆವರಿನ ಉಪ್ಪು ಬಟನ್ನಿನಿಂದ ನಿಕಲ್ ಬಿಡಿಸಿ ಚರ್ಮಕ್ಕೆ ಕೊಡುತ್ತೆ. ಬೆವರು ಕಳ್ಳನಲ್ಲ, ಕಳ್ಳನಿಗೆ ಹಿತ್ತಲ ಬಾಗಿಲು ತೆಗೆಯುವವನು.

ಅಲ್ಲಿಂದ ನನಗೆ ಟೆಸ್ಟ್ ಮಾಡುವ ಹುಚ್ಚು ಹಿಡಿಯಿತು. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಗೆಳೆಯನೊಬ್ಬ ಡೈಮೀಥೈಲ್ ಗ್ಲೈಆಕ್ಸೈಮ್ ದ್ರಾವಣ ಸ್ವಲ್ಪ ಕೊಟ್ಟ. ಹತ್ತಿ ಕಡ್ಡಿಗೆ ಅದರದೊಂದು ಹನಿ, ಅಮೋನಿಯಾ ಒಂದು ಹನಿ, ಲೋಹದ ಮೇಲೆ ಅರ್ಧ ನಿಮಿಷ ಉಜ್ಜಬೇಕು. ನಿಕಲ್ ಬಿಡುತ್ತಿದ್ದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಹೋಲ್ಸ್ಟರ್ ಬಟನ್ ಗುಲಾಬಿ. ಬೆಲ್ಟಿನ ಬಕಲ್ ಗುಲಾಬಿ. ಹಳೇ ದಪ್ಪ ಒಂದು ರೂಪಾಯಿ ನಾಣ್ಯ ಗುಲಾಬಿ. ರಿವಾಲ್ವರ್ ಮೈ ಮಾತ್ರ ಏನೂ ಇಲ್ಲ. ಮನೆಯವಳ ಉಮಾ ಗೋಲ್ಡ್ ಓಲೆಯ ತಿರುಪೂ ಗುಲಾಬಿಯಾಯ್ತು. ಅವಳ ಕಿವಿ ಮದುವೆ ಮನೆಗೆ ಹೋಗಿ ಬಂದಾಗಲೆಲ್ಲ ಯಾಕೆ ಸೋರುತ್ತೆ ಅಂತ ಅವತ್ತು ಗೊತ್ತಾಯ್ತು. ಆ ಖರ್ಚು ಬೇರೆ, ಚಿನ್ನದ ಓಲೆ ಕೊಡಿಸಬೇಕಾಯ್ತು.

ಬಟನ್ನಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯಿರಿ ಅಂತ ಕೆಲವರು ಹೇಳ್ತಾರೆ. ಬಳಿದೆ. ಹಂಡೆ ಪಕ್ಕ ಒಂದು ವಾರ ನಿಂತರೆ ಸಿಪ್ಪೆ ಏಳುತ್ತೆ. ಮೇಲೆ ಚರ್ಮದ ತುಂಡು ಅಂಟಿಸಿದೆ, ಗೋಂದು ಬಿಟ್ಟುಕೊಂಡಿತು. ಟೈಲರ್ ಹತ್ತಿರ ಬರೀ ಬಟ್ಟೆಯ ಚೀಲ ಹೊಲಿಸಿದೆ. ಮೈಗೆ ಸುಖವೋ ಸುಖ, ಆದರೆ ಹೊರಗಿನಿಂದ ಬೆರಳಿಟ್ಟು ಒತ್ತಿದರೆ ಒಳಗಿನ ಕುದುರೆ (ಟ್ರಿಗರ್) ಸಿಗುತ್ತಿತ್ತು. ಅದನ್ನು ಅವತ್ತೇ ಒರೆಸುವ ಬಟ್ಟೆ ಮಾಡಿದೆ. ಕುದುರೆ ಗಟ್ಟಿಯಾಗಿ ಮುಚ್ಚದ ಗೂಡು ಎಷ್ಟೇ ಮೆತ್ತಗಿರಲಿ, ಬೇಡ.

ಕೊನೆಗೆ ಸಿಕ್ಕವರು ಚಿತ್ರದುರ್ಗದಲ್ಲಿ ಚಪ್ಪಲಿ, ಬೆಲ್ಟು ಮಾಡುವ ಹಿರಿಯರೊಬ್ಬರು. ನನ್ನ ಎರಡು ಸಾವಿರದ ಹೋಲ್ಸ್ಟರಿನ ಅಂಚನ್ನು ಉಳಿಯಿಂದ ಒಂದು ಚೂರು ಕೊಯ್ದು ತೋರಿಸಿದರು. ಮೇಲೆ ಕಂದು, ಕೆಳಗೆ ಕಂದು, ನಡುವೆ ನೂಲಿನಷ್ಟು ತೆಳ್ಳಗೆ ಬೂದು ನೀಲಿ ಗೆರೆ. ‘ಸಾವ್ಕಾರ್ರೇ, ಇದು ಕ್ರೋಮ್ ಚರ್ಮ. ಸುಟ್ಟು ನೋಡಿ ಬೇಕಾದ್ರೆ’ ಅಂದರು. ಅಂದರೆ ಕ್ರೋಮಿಯಂನಲ್ಲಿ ಹದ ಮಾಡಿದ್ದು. ಚೂರನ್ನು ಇಕ್ಕಳದಲ್ಲಿ ಹಿಡಿದು ಬೆಂಕಿ ಕೊಟ್ಟರೆ ಉಳಿದ ಬೂದಿ ಹಸಿರು. ಅವರ ಹತ್ತಿರ ಇದ್ದ ತೊಗಟೆ ಹದದ ಚರ್ಮ ಕೊಯ್ದರೆ ಆಳದವರೆಗೂ ಒಂದೇ ಕಂದು. ತಮಿಳುನಾಡು ಕಡೆಯ ಮಾಲು, ತಂಗಡಿ ತೊಗಟೆಯಲ್ಲಿ ಹದ ಮಾಡಿದ್ದು ಅಂದರು. ನಮ್ಮ ದುರ್ಗದ ಬಯಲಲ್ಲಿ ಹಳದಿ ಹೂ ಬಿಟ್ಕೊಂಡು ದನವೂ ಮುಟ್ಟದೆ ನಿಂತಿರುತ್ತಲ್ಲ, ಅದೇ ತಂಗಡಿ.

ತೊಗಟೆ ಹದದ ಚರ್ಮಕ್ಕೆ ಇನ್ನೊಂದು ಗುಣ ಇದೆ. ನೆನೆಸಿ ಒತ್ತಿ ಒಣಗಿಸಿದರೆ ಕೊಟ್ಟ ಆಕಾರ ಹಿಡಿದುಕೊಳ್ಳುತ್ತೆ. ಗನ್ನಿನ ಆಕಾರಕ್ಕೇ ಬಿಗಿಯಾಗಿ ಒತ್ತಿಬಿಟ್ಟರೆ ಬಟನ್ ಪಟ್ಟಿಯೇ ಬೇಕಿಲ್ಲ, ಹಿಡಿತ ಅದರಲ್ಲೇ ಬರುತ್ತೆ. ಆದರೆ ಒತ್ತೋಕೆ ಗನ್ ಕೊಡಬೇಕಲ್ಲ? ಲೈಸೆನ್ಸ್ ನನ್ನ ಹೆಸರಲ್ಲಿದೆ, ಇನ್ನೊಬ್ಬರ ಅಂಗಡಿಯಲ್ಲಿ ಬಿಟ್ಟುಬರೋಕೆ ಆಗಲ್ಲ. ಅದಕ್ಕೆ ಕಾಗದದ ಮೇಲೆ ಗೆರೆ ಎಳೆದು, ದಪ್ಪ ಅಳೆದು, ಬಡಗಿ ಹತ್ತಿರ ತೇಗದ ತುಂಡಿನಲ್ಲಿ ಡಮ್ಮಿ ಮಾಡಿಸಿದೆ. ಐನೂರೋ ಆರುನೂರೋ ತೆಗೆದುಕೊಂಡರು. ಮೊದಲ ಡಮ್ಮಿಯಲ್ಲಿ ಗುಂಡು ಕೂರುವ ಸಿಲಿಂಡರ್ ಸಣ್ಣದಾಗಿ, ಗೂಡು ಗನ್ನನ್ನು ಕಚ್ಚಿಕೊಂಡು ಬಿಡಲೇ ಇಲ್ಲ. ಎರಡನೆಯದು ಸರಿಹೋಯ್ತು. ಹೊಲಿಗೆಯೆಲ್ಲ ಮೇಣದ ದಾರದ್ದು. ಮೈ ಕಡೆ ಒಂದೇ ಒಂದು ರಿವೆಟ್ ಇಲ್ಲ. ಬೆಲ್ಟಿಗೆ ಸಿಕ್ಕಿಸುವುದೂ ಚರ್ಮದ ಕುಣಿಕೆಯೇ.

ನೆನೆಸುವ ನೀರಿಗೆ ನಾನು ಅಡಿಕೆ ಚೊಗರು (ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ನೀರು) ಹಾಕಿಸಿದೆ. ಚೊಗರಿನಲ್ಲಿ ಒಗರು ಎಷ್ಟಿರುತ್ತೆ ಅಂತ ನಮ್ಮವರಿಗೆ ಹೇಳಬೇಕಾ? ಚರ್ಮ ಬಿಗಿಯಾಗಿ ನಿಂತಿತು, ಬಣ್ಣವೂ ಚೆನ್ನಾಗಿ ಬಂತು. ಅತಿಯಾದರೆ ಚರ್ಮ ಸೀಳುತ್ತೆ, ಒಂದು ತುಂಡು ಹಾಗೇ ಹಾಳಾಯ್ತು. ಎಷ್ಟು ನೀರಿಗೆ ಎಷ್ಟು, ಎಷ್ಟು ಹೊತ್ತು ಅನ್ನೋದು ನನ್ನ ಹತ್ತಿರವೇ ಇರಲಿ. ಭಾವ ಕೇಳಿದರೂ ಹೇಳಿಲ್ಲ. ಅದೇ ಉಮೇದಿನಲ್ಲಿ ಬನಿಯನ್ನನ್ನೂ ಚೊಗರಿಗೆ ಅದ್ದಿ ನೋಡಿದೆ, ಬೆವರು ಕಮ್ಮಿಯಾಗಬಹುದು ಅಂತ. ಬೆವರು ಕಮ್ಮಿಯಾಗಲಿಲ್ಲ, ಬಿಳಿ ಪ್ಯಾಂಟ್ ಕೆಂಪಾಯ್ತು.

ಈಗ ಉಳಿದದ್ದು ಒದ್ದೆ. ಚಳ್ಳಕೆರೆ ಕಡೆಯ ಹಳೇ ಕಂಬಳಿಯ ತುಂಡನ್ನು ನೇರ ಮೈಗೆ ಕಟ್ಟಿದೆ, ಒಂದು ಗಂಟೆ ತಡೆಯಲಾಗಲಿಲ್ಲ, ಅಷ್ಟು ಚುಚ್ಚುತ್ತೆ. ಅದೇ ತುಂಡನ್ನು ಗೂಡಿನ ಬೆನ್ನಿಗೆ ಹೊಲಿಸಿ, ಮೈ ಕಡೆ ಹಳೇ ಪಂಚೆ ಬಟ್ಟೆ ಎರಡು ಪದರ ಕೊಟ್ಟಾಗ ಕೆಲಸ ಆಯ್ತು. ಉಣ್ಣೆ ಬೆವರು ಹೀರುತ್ತೆ, ಆದರೆ ಚಪ್ಪಟೆಯಾಗಲ್ಲ, ನಡುವೆ ಗಾಳಿ ಉಳಿಯುತ್ತೆ. ಹೊಸ ಪಂಚೆ ಬೇಡ, ಗಂಜಿ ಇರುತ್ತೆ. ಒಗೆದೂ ಒಗೆದೂ ಮೆತ್ತಗಾದದ್ದೇ ಬೇಕು. ಕಂಬಳಿಯನ್ನು ಹೊಲಿಸುವ ಮೊದಲು ಬಿಸಿನೀರಲ್ಲಿ ಒಮ್ಮೆ ಅದ್ದಿ ಕುಗ್ಗಿಸಿಕೊಳ್ಳಿ. ಪಂಚೆ ಬಟ್ಟೆಯ ಕವಚ ನಾಲ್ಕೈದು ಇಟ್ಟುಕೊಂಡು ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ಬದಲಾಯಿಸ್ತೀನಿ. ದಪ್ಪ ಕಾಲಿಂಚು ಜಾಸ್ತಿಯಾಯ್ತು, ಅಂಗಿ ಒಂದು ಸೈಜ್ ದೊಡ್ಡದು ಹಾಕಿದರೆ ಕಾಣಲ್ಲ. ರಾತ್ರಿ ಆ ಜಾಗ ತೊಳೆದು ಒಣಗಿಸಿ ಬಿಟ್ಟರೆ ಮುಗೀತು, ಎಣ್ಣೆ ಪೌಡರ್ ಏನೂ ಹಚ್ಚಲ್ಲ. ಪೌಡರ್ ಬೆವರಿಗೆ ಸೇರಿ ಹಿಟ್ಟಾಗಿ ಮತ್ತೆ ಉಜ್ಜುತ್ತೆ.

ಚರ್ಮ, ಕೂಲಿ, ಎರಡು ಡಮ್ಮಿ, ಟೈಲರ್, ಹಾಳಾದ ತುಂಡು ಎಲ್ಲ ಸೇರಿ ಮೂರೂವರೆ ಸಾವಿರದ ಒಳಗೆ. ಅದಕ್ಕೂ ಮೊದಲು ಪಟ್ಟಿ, ಹೋಲ್ಸ್ಟರ್, ಟ್ಯೂಬು, ಡಾಕ್ಟರು ಅಂತ ಹೋದದ್ದು ಹದಿನೈದರ ಹತ್ತಿರ ಇರಬೇಕು. ಓಲೆಯ ಲೆಕ್ಕ ಹಿಡಿದಿಲ್ಲ. ಈಗ ನಮ್ಮ ಕಡೆಯ ಮೂರ್ನಾಲ್ಕು ಜನ ಅದೇ ಹಿರಿಯರ ಹತ್ತಿರ ಮಾಡಿಸಿಕೊಂಡಿದ್ದಾರೆ, ಅವರು ಕೂಲಿ ಏರಿಸಿದ್ದಾರೆ. ಭಾವ ನನ್ನ ಡಮ್ಮಿಯನ್ನೇ ತೆಗೆದುಕೊಂಡು ಹೋದರು. ಅವರದು ಪಿಸ್ತೂಲು, ಕೂರಲಿಲ್ಲ, ಹೊಸದು ಮಾಡಿಸಿಕೊಂಡರು. ಅವರ ಸೊಂಟ ಪೂರ್ತಿ ತಿಳಿಯಾಗಿಲ್ಲ. ಬೆಲ್ಟಿನ ಬಕಲ್ ಬದಲಾಯಿಸಿ ಅಂದರೆ ಕೇಳಲ್ಲ.

ಒಂದು ತೊಂದರೆ ಹೊಸದಾಗಿ ಬಂತು. ಉಣ್ಣೆ ಒದ್ದೆ ಹಿಡಿಯುವುದರಿಂದ ರಾತ್ರಿ ಗನ್ನನ್ನು ಗೂಡಿನಲ್ಲೇ ಬಿಟ್ಟರೆ ಸಿಲಿಂಡರಿನ ಮೈ ಕಡೆ ಸಣ್ಣಗೆ ತುಕ್ಕು ಚುಕ್ಕಿ ಏಳುತ್ತೆ. ಮನೆಗೆ ಬಂದ ಕೂಡಲೇ ಗುಂಡು ಬಿಚ್ಚಿ, ಒರೆಸಿ, ಎಣ್ಣೆ ಬಟ್ಟೆಯಲ್ಲಿ ಒಮ್ಮೆ ಸವರಿ ಬೀರುವಿನಲ್ಲಿ ಬೀಗ ಹಾಕಿ ಇಡ್ತೀನಿ, ಗೂಡನ್ನು ಬೇರೆ ಕಡೆ ಗಾಳಿಗೆ ನೇತು ಹಾಕ್ತೀನಿ. ಎಣ್ಣೆ ಹನಿಯಷ್ಟು ಸಾಕು, ಜಾಸ್ತಿಯಾದರೆ ಬೆಳಿಗ್ಗೆ ಬಟ್ಟೆಗೆ ಇಳಿದು ರೋಮದ ಬುಡದಲ್ಲಿ ಮೊಡವೆ ಏಳುತ್ತೆ. ಕಾರಿನಲ್ಲಿ ದೂರ ಹೋದಾಗ ಮಾತ್ರ ಸೀಟ್ ಬೆಲ್ಟು ಗೂಡನ್ನು ಒಳಗೆ ಒತ್ತುತ್ತೆ. ಶಿವಮೊಗ್ಗಕ್ಕೆ ಹೋಗಿ ಬಂದರೆ ಒಂದು ಗೆರೆ ಮೂಡಿರುತ್ತೆ, ತುರಿಕೆ ಇಲ್ಲ, ಬೆಳಿಗ್ಗೆಗೆ ಹೋಗಿರುತ್ತೆ. ಅದಕ್ಕೆ ಗೂಡಿನ ಮೇಲಂಚನ್ನು ಸ್ವಲ್ಪ ಹೊರಕ್ಕೆ ಬಾಗಿಸಿ ಇನ್ನೊಂದು ಮಾಡಿಸ್ತಾ ಇದ್ದೀನಿ, ಚರ್ಮ ಕೊಟ್ಟು ಬಂದಿದ್ದೀನಿ.