ತೊಳೆದ ಮೇಲೆ ಹಳದಿಯಾದ ನನ್ನ ಬಿಳಿ ಶೂ

ಬಿಳಿ ಕ್ಯಾನ್ವಾಸ್ ಶೂಗಳನ್ನು ಮೊದಲ ಸಲ ಮನೆಯಲ್ಲೇ ತೊಳೆದಾಗ ಬಕೆಟ್ಟಿಗೆ ಸೋಪಿನ ಪುಡಿ ಧಾರಾಳವಾಗಿ ಸುರಿದು, ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಗಸಗಸ ಉಜ್ಜಿ, ಸುಡು ಬಿಸಿಲಲ್ಲಿ ಒಣಗಲು ಇಟ್ಟಿದ್ದೆ. ಸಂಜೆ ನೋಡಿದರೆ ಕೊಳೆಯೇನೋ ಹೋಗಿದೆ, ಆದರೆ ಹೊಲಿಗೆಯ ಉದ್ದಕ್ಕೂ, ರಬ್ಬರ್ ಅಂಚಿನ ಮೇಲ್ಗಡೆ, ಟೀ ಚೆಲ್ಲಿ ಒಣಗಿದ ಹಾಗೆ ಹಳದಿ ಗೆರೆ. ತೊಳೆಯದೇ ಇದ್ದರೇ ವಾಸಿ ಇತ್ತು ಅನ್ನಿಸಿತು.

ಆ ಸಿಟ್ಟಿನಲ್ಲಿ ಬ್ಲೀಚ್ ಹಾಕಿ ಇನ್ನೊಂದು ತಪ್ಪು ಮಾಡಿದೆ. ಹಳದಿಯೂ ಹೋಗಲಿಲ್ಲ, ಬೆರಳು ಮಡಚುವ ಜಾಗದಲ್ಲಿ ಬಟ್ಟೆಯೂ ಪಿಸಿಯತೊಡಗಿತು. ಕ್ಯಾನ್ವಾಸ್ ಅಂದರೆ ಹೆಚ್ಚಾಗಿ ಹತ್ತಿಯೇ ಅಲ್ವಾ, ಬ್ಲೀಚ್ ಜಾಸ್ತಿಯಾದರೆ ನೂಲನ್ನೇ ತಿನ್ನುತ್ತದೆ. ಆ ಜೋಡಿ ಅಲ್ಲಿಗೆ ಮುಗಿಯಿತು.

ಹಳದಿಗೆ ಕಾರಣ ನಾನು ಸುರಿದ ಸೋಪೇ ಅಂತ ಆಮೇಲೆ ಗೊತ್ತಾಯಿತು. ಬಟ್ಟೆ ದಪ್ಪ, ಅದರ ಹಿಂದೆ ಇನ್ನೊಂದು ಪದರ, ಹಾಗಾಗಿ ಸೋಪು ಒಳಗೇ ಉಳಿದುಬಿಡುತ್ತದೆ. ಒಣಗುವಾಗ ನೀರು ಅದನ್ನು ಮೇಲಕ್ಕೆ ಎಳೆದು ತರುತ್ತದೆ. ನೀರು ಆರಿ ಹೋಗುತ್ತದೆ, ಸೋಪು ಅಲ್ಲೇ ಕೂತು ಬಿಸಿಲಿಗೆ ಹಳದಿಯಾಗುತ್ತದೆ.

ಎರಡನೇ ಜೋಡಿಗೆ ಈಗ ಹೀಗೆ ಮಾಡುತ್ತೇನೆ. ಕೆಸರಿದ್ದರೆ ಮೊದಲು ಪೂರ್ತಿ ಒಣಗಲು ಬಿಡುತ್ತೇನೆ, ಹಸಿ ಕೆಸರನ್ನು ಉಜ್ಜಿದರೆ ಅದು ನೂಲಿನ ಒಳಗೇ ಇಳಿಯುತ್ತದೆ. ಎರಡು ಶೂಗಳ ಅಡಿಭಾಗವನ್ನು ಒಂದಕ್ಕೊಂದು ಬಡಿದು, ಒಣ ಬ್ರಷ್‌ನಿಂದ ಝಾಡಿಸಿದರೆ ಅರ್ಧ ಕೆಲಸ ಆದ ಹಾಗೆ. ಲೇಸ್ ಬಿಚ್ಚಿ ಬೇರೆ ಮಗ್ಗಿನಲ್ಲಿ ನೆನೆಸುತ್ತೇನೆ. ಒಂದು ಮಗ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಸೋಪಿನ ದ್ರವ, ಹಳೇ ಟೂತ್‌ಬ್ರಷ್, ಸಾಕು. ಬಿಸಿ ನೀರು ಬೇಡ, ಅಡಿಭಾಗದ ಅಂಟು ಸಡಿಲವಾಗುತ್ತದೆ. ರಬ್ಬರ್ ಅಂಚಿಗೆ ಮಾತ್ರ ಅಡುಗೆ ಸೋಡಾವನ್ನು ಸ್ವಲ್ಪ ನೀರಲ್ಲಿ ಕಲಸಿ ಹಚ್ಚಿ ಉಜ್ಜುತ್ತೇನೆ. ಸೋಡಾಕ್ಕೆ ವಿನೆಗರ್ ಬೆರೆಸಿದರೆ ಬುಸ್ಸೆಂದು ನೊರೆ ಬರುತ್ತದೆ, ನೋಡೋಕೆ ಚೆನ್ನ, ಆದರೆ ಎರಡೂ ಒಂದರ ಶಕ್ತಿಯನ್ನು ಇನ್ನೊಂದು ಕಳೆದುಬಿಡುತ್ತವೆ, ಸುಮ್ನೆ ದಂಡ.

ಉಜ್ಜುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುವುದು ಜಾಲಿಸುವುದು. ನಾಲ್ಕೈದು ಸಲ ನೀರು ಬದಲಿಸುತ್ತೇನೆ. ನೀರು ತಿಳಿಯಾಗಿ ಕಂಡರೂ ಬಟ್ಟೆಯನ್ನು ಬೆರಳಿಂದ ಒತ್ತಿ ನೋಡಬೇಕು, ಹೊಲಿಗೆಯ ಸಂದಿಯಿಂದ ಸಣ್ಣ ಸಣ್ಣ ಗುಳ್ಳೆ ಬಂದರೆ ಸೋಪು ಇನ್ನೂ ಇದೆ ಅಂತಲೇ. ವಿನೆಗರ್ ಬೇಕಾಗುವುದು ಇಲ್ಲಿ, ಕೊನೆಯ ನೀರಿಗೆ ಎರಡು ಚಮಚ. ಉಳಿದ ಸೋಪಿನ ಕ್ಷಾರ ಅದರಿಂದ ಹೋಗುತ್ತದೆ.

ಆಮೇಲೆ ಟವೆಲ್‌ನಲ್ಲಿ ಒತ್ತಿ, ಒಳಗೆ ಹಳೇ ಬಿಳಿ ಬಟ್ಟೆ ತುರುಕಿ, ಹೊರಗೆ ಬಿಳಿ ಟಿಶ್ಯೂ ಪೇಪರ್ ಮೈಗೆ ಅಂಟುವಂತೆ ಸುತ್ತಿ ಗಾಳಿಯಾಡುವ ನೆರಳಿನಲ್ಲಿ ಇಡುತ್ತೇನೆ. ನ್ಯೂಸ್‌ಪೇಪರ್ ತುರುಕಬೇಡಿ, ಮಸಿ ಹತ್ತುತ್ತದೆ. ಮರುದಿನ ಟಿಶ್ಯೂ ಬಿಡಿಸಿದಾಗ ಶೂ ಮೇಲೆ ಬರಬೇಕಿದ್ದ ಹಳದಿ ಗೆರೆ ಪೇಪರ್ ಮೇಲೆ ಬಂದಿತ್ತು, ಹೊಲಿಗೆಯ ಆಕಾರ ಸಮೇತ!

ಲೇಸ್ ತೂತಿನ ಒಂದು ರಿಂಗ್ ಸುತ್ತ ಮಾತ್ರ ತುಕ್ಕಿನ ಕಲೆ ಉಳಿದಿದೆ. ನಿಂಬೆರಸಕ್ಕೆ ಉಪ್ಪು ಹಾಕಿ ತಿಕ್ಕಿದೆ, ಅರ್ಧ ಹೋಯಿತು. ಲೇಸ್ ಕಟ್ಟಿದರೆ ಕಾಣುವುದಿಲ್ಲ.