ವಾದಿ ರಮ್‌ಗೆ ಹೋಗ್ತೀರಾ? ಮೊದಲು ಗೈಡ್ ಹುಡುಕಿ, ಕ್ಯಾಂಪ್ ಆಮೇಲೆ

ಮಂಗಳೂರು, ಉಡುಪಿ ಕಡೆಯಿಂದ ದುಬೈಗೆ ಹೋದವರು ಸಂಜೆಯ ಡೆಸರ್ಟ್ ಸಫಾರಿ ಒಂದನ್ನು ಮುಗಿಸಿ ಮರುಭೂಮಿ ನೋಡಿ ಆಯ್ತು ಅಂತ ವಾಪಸ್ ಬರ್ತಾರೆ. ನನಗೆ ಅದು ಬೇಸರದ ವಿಷಯ. ಯಾಕಂದ್ರೆ ದುಬೈಯಿಂದ ಇನ್ನೊಂದು ಮೂರು ಗಂಟೆ ವಿಮಾನದಲ್ಲಿ ಕೂತರೆ ಜೋರ್ಡನ್ನಿನ ಅಮ್ಮಾನ್, ಅಲ್ಲಿಂದ ರಸ್ತೆಯಲ್ಲಿ ನಾಲ್ಕು ಗಂಟೆ ದಕ್ಷಿಣಕ್ಕೆ ಹೋದರೆ ವಾದಿ ರಮ್. ಕೆಂಪು ಮರಳು, ಅದರ ಮಧ್ಯದಿಂದ ನೇರ ಎದ್ದು ನಿಂತ ಕಲ್ಲಿನ ಬೆಟ್ಟಗಳು, ಆ ಬೆಟ್ಟಗಳ ದಾರಿ ಬಲ್ಲ ಬೆದುಯಿನ್ ಜನ, ಅಂದ್ರೆ ಮರುಭೂಮಿಯ ಅರಬ್ ಅಲೆಮಾರಿ ಪಂಗಡದವರು. 2011ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಪ್ರಕೃತಿಗಾಗಿ ಮಾತ್ರ ಅಲ್ಲ, ಅಲ್ಲಿನ ಮನುಷ್ಯರ ಸಾವಿರಾರು ವರ್ಷಗಳ ಬದುಕಿನ ಗುರುತುಗಳಿಗಾಗಿಯೂ ಹೌದು.

ಹೆಚ್ಚಿನವರು ಮಾಡುವುದೇನು? ಮೊದಲು ಕ್ಯಾಂಪಿನ ಫೋಟೋ ನೋಡ್ತಾರೆ. ಗಾಜಿನ ಗುಮ್ಮಟ, ಒಳಗೆ ಎಸಿ, ಮಲಗಿದಲ್ಲೇ ನಕ್ಷತ್ರ. ಬುಕ್ ಮಾಡಿ, ಎರಡು ಗಂಟೆ ಜೀಪಿನಲ್ಲಿ ಓಡಾಡಿ, ಬೆಳಿಗ್ಗೆ ಎದ್ದು ಪೆಟ್ರಾಕ್ಕೆ, ಅಂದ್ರೆ ಬಂಡೆಯಲ್ಲಿ ಕೊರೆದ ಹಳೇ ನಗರಕ್ಕೆ, ಹೊರಡ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲು ರಮ್ ಹಳ್ಳಿಯ ಗೈಡ್ ಒಬ್ಬರನ್ನು ಹುಡುಕಿ, ಕನಿಷ್ಠ ಎರಡು ರಾತ್ರಿ ಅವರ ಜೊತೆಗೇ ಇರಿ. ಹಳ್ಳಿಯಲ್ಲಿ ಹೆಚ್ಚಿನವರು ಝಲಾಬಿಯಾ ಪಂಗಡದವರು. ಎಷ್ಟೋ ಮನೆಗಳಿಗೆ ಸ್ವಂತ ಜೀಪು, ಸಣ್ಣ ಕ್ಯಾಂಪು ಇದೆ, ವಾಟ್ಸಾಪಿನಲ್ಲೇ ಮಾತಾಡಬಹುದು.

ಆ ಮಾತುಕತೆಯಲ್ಲಿ ನಾಚಿಕೆ ಬೇಡ. ಕ್ಯಾಂಪು ಸಂರಕ್ಷಿತ ಪ್ರದೇಶದ ಒಳಗಿದೆಯಾ ಅಂತ ಮೊದಲು ಕೇಳಿ, ಯಾಕಂದ್ರೆ ವಾದಿ ರಮ್ ಹೆಸರಲ್ಲಿ ನಡೆಯುವ ತುಂಬಾ ಕ್ಯಾಂಪುಗಳು ಹೊರಗೆ ದೀಸಿ ಹಳ್ಳಿಯ ಕಡೆ ಇವೆ. ಕೆಟ್ಟದ್ದು ಅಂತಲ್ಲ, ಆದ್ರೆ ನೀವು ಅಂದುಕೊಂಡ ಜಾಗ ಅದಲ್ಲ. ನಮ್ಮ ಜೊತೆ ಬರೋದು ನೀವೇನಾ ಅಥವಾ ಬೇರೆ ಡ್ರೈವರಾ? ಜೀಪಿನಲ್ಲಿ ಎಷ್ಟು ಜನ? ನೀರು, ಊಟ, ಹಾಸಿಗೆ ಸೇರಿ ಇಷ್ಟಾ? ಮಳೆ ಬಂದರೆ ಏನು ಮಾಡ್ತೀರಿ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಮನುಷ್ಯ ಎಂಥವರು ಅಂತ ಗೊತ್ತಾಗುತ್ತದೆ. ಎಲ್ಲೋ ದೂರ ಸುರಿದ ಮಳೆಯ ನೀರು ಒಣಗಿದ ಕಣಿವೆಯಲ್ಲಿ ಇದ್ದಕ್ಕಿದ್ದಂತೆ ನುಗ್ಗುವುದುಂಟು. "ನೋ ಪ್ರಾಬ್ಲಂ" ಅಂತ ಮುಗಿಸುವವರಿಗಿಂತ "ಆವತ್ತು ಕಣಿವೆಗೆ ಇಳಿಯೋದಿಲ್ಲ, ಬೇರೆ ಕಡೆ ಕರ್ಕೊಂಡು ಹೋಗ್ತೇನೆ" ಅನ್ನುವವರು ವಾಸಿ.

ವೀಸಾ ವಿಷಯ ಬೇಗ ಹೇಳಿಬಿಡ್ತೇನೆ. ಜೋರ್ಡನ್ ಪಾಸ್ ಅಂತ ಒಂದಿದೆ, 70 ದಿನಾರಿನಿಂದ ಶುರು. ಅಲ್ಲಿಗೆ ತಲುಪುವ ಮೊದಲೇ ಆನ್‌ಲೈನಿನಲ್ಲಿ ತಗೊಂಡು, ದೇಶದಲ್ಲಿ ಕನಿಷ್ಠ ಮೂರು ರಾತ್ರಿ ಉಳಿದರೆ 40 ದಿನಾರಿನ ವೀಸಾ ಶುಲ್ಕ ಇಲ್ಲ. ಪೆಟ್ರಾ, ವಾದಿ ರಮ್ ಎರಡರ ಪ್ರವೇಶವೂ ಅದರಲ್ಲೇ ಬರುತ್ತದೆ. ಟಿಕೆಟ್ ಮಾಡುವ ಮೊದಲು ಭಾರತೀಯರಿಗೆ ಇರುವ ವೀಸಾ ನಿಯಮ, ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ಎರಡನ್ನೂ ನೋಡಿ.

ಹೋಗುವುದಾದರೆ ಮಾರ್ಚ್‌ನಿಂದ ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ನಮ್ಮ ಮಕ್ಕಳ ಕ್ರಿಸ್ಮಸ್ ರಜೆಗೆ ಹೋದರೆ ರಾತ್ರಿ ಸೊನ್ನೆ ಡಿಗ್ರಿ ಹತ್ತಿರ ಇಳಿಯುತ್ತದೆ, ಕರಾವಳಿಯವರ ಕಪಾಟಿನಲ್ಲಿ ಅಂಥ ಚಳಿಗೆ ಬಟ್ಟೆಯೇ ಇರೋದಿಲ್ಲ ಅಲ್ವಾ? ಬೆಂಗಳೂರಿನ ನೆಂಟರ ಹತ್ತಿರ ದಪ್ಪ ಜಾಕೆಟ್ ಕೇಳಿ ತಗೊಳ್ಳಿ. ಇನ್ನೊಂದು ಮಾತು ನಮ್ಮವರಿಗೇ ಹೇಳಬೇಕಾದದ್ದು. ಇಲ್ಲಿ ಸೆಕೆಯಲ್ಲಿ ಅಂಗಿ ಒದ್ದೆಯಾದಾಗ ನೀರು ಕುಡೀಬೇಕು ಅಂತ ನೆನಪಾಗುತ್ತದೆ. ಅಲ್ಲಿ ಬೆವರು ಬಂದ ಕೂಡಲೇ ಆರಿ ಹೋಗುತ್ತದೆ, ಮೈ ಒಣಗಿಯೇ ಇರುತ್ತದೆ, ನೀರು ಕಳೆದುಕೊಳ್ತಾ ಇರೋದೇ ಗೊತ್ತಾಗೋದಿಲ್ಲ. ಬಾಯಾರಿಕೆಗೆ ಕಾಯದೆ ಆಗಾಗ ಕುಡೀತಾ ಇರಿ.

ಬೆಟ್ಟ ಹತ್ತುವ ಆಸೆ ಇದ್ದರೆ ಉಮ್ಮ್ ದಾಮಿ ಇದೆ, ಸುಮಾರು 1,850 ಮೀಟರ್, ಜೋರ್ಡನ್ನಿನ ಅತಿ ಎತ್ತರದ ಬೆಟ್ಟ. ಹಳ್ಳಿಯಿಂದ ಬುಡದ ತನಕ ಜೀಪು, ಆಮೇಲೆ ಎರಡು ಗಂಟೆಯ ಹತ್ತಾಟ. ತುದಿಯಿಂದ ಸೌದಿ ಕಡೆಯ ಬೆಟ್ಟಗಳು ಕಾಣುತ್ತವೆ, ಗಾಳಿ ತಿಳಿಯಾಗಿದ್ದರೆ ಕೆಂಪು ಸಮುದ್ರವೂ. ಬುರ್ದಾ ಬೆಟ್ಟದಲ್ಲಿ ಪ್ರಕೃತಿಯೇ ಮಾಡಿದ ಕಲ್ಲಿನ ಸೇತುವೆಗೆ ಹತ್ತೋದು ಇದಕ್ಕಿಂತ ಕಷ್ಟ, ಕೈ ಊರಿ ಏರಬೇಕಾದ ಜಾಗಗಳಿವೆ, ಗೈಡ್ ಇಲ್ಲದೆ ಹೋಗಲೇಬೇಡಿ. ಕಾಲಿಗೆ ಮೊದಲೇ ಅಭ್ಯಾಸ ಬೇಕಿದ್ದರೆ ಬೆಳ್ತಂಗಡಿಯ ಗಡಾಯಿಕಲ್ಲು ಹತ್ತಿ ಬನ್ನಿ. 1984ರಲ್ಲಿ ಬ್ರಿಟಿಷ್ ಆರೋಹಿಗಳ ತಂಡ ವಾದಿ ರಮ್‌ಗೆ ಬಂದಾಗ, ಎಷ್ಟೋ ಕಡಿದಾದ ದಾರಿಗಳನ್ನು ಬೆದುಯಿನರು ಕಾಡುಮೇಕೆ ಬೇಟೆಗಾಗಿ ಮೊದಲಿನಿಂದಲೂ ಬಳಸ್ತಾ ಇದ್ದರು, ಅದೂ ಹಗ್ಗ ಇಲ್ಲದೆ. ಹಾಗಾಗಿ ಗೈಡ್ "ಇಲ್ಲಿ ಬೇಡ" ಅಂದರೆ ವಾದ ಮಾಡಬೇಡಿ.

ಖಝಾಲಿ ಕಣಿವೆಯನ್ನು ಎಲ್ಲರೂ ತೋರಿಸ್ತಾರೆ, ಐದು ನಿಮಿಷದಲ್ಲಿ ಮುಗಿಸ್ತಾರೆ. ನೀವು ನಿಧಾನ ಮಾಡಿ. ಗೋಡೆಯಲ್ಲಿ ಕೆತ್ತಿದ ಮನುಷ್ಯರು, ಪ್ರಾಣಿಗಳು, ಪಾದಗಳ ಗುರುತು, ಹಳೇ ಲಿಪಿಗಳು ಇವೆ. ಮುಟ್ಟಬೇಡಿ, ಮರಳುಗಲ್ಲು ಕೈ ತಾಗಿದರೂ ಸವೆಯುತ್ತದೆ.

ಟೆಂಟಿನ ಬಟ್ಟೆಯನ್ನೂ ಹತ್ತಿರದಿಂದ ನೋಡಿ. ಹಳೇ ರೀತಿಯ ಟೆಂಟನ್ನು ಕಪ್ಪು ಆಡಿನ ಕೂದಲಿನಿಂದ ನೇಯುತ್ತಾರೆ. ಒಣಗಿದ್ದಾಗ ನೇಯ್ಗೆಯ ಸಂದಿಯಲ್ಲಿ ಬೆಳಕಿನ ಚುಕ್ಕಿಗಳು ಕಾಣುತ್ತವೆ, ಹೊಗೆ, ಬಿಸಿಗಾಳಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಮಳೆ ಬಿದ್ದರೆ ಕೂದಲು ಉಬ್ಬಿ ಸಂದಿ ಮುಚ್ಚಿಕೊಳ್ಳುತ್ತದೆ. ನಮ್ಮ ಊರಿನ ಮಳೆಗೆ ಸಾಕಾಗಲಿಕ್ಕಿಲ್ಲ, ಅಲ್ಲಿನ ಮಳೆಗೆ ಸಾಕು.

ಊಟಕ್ಕೆ ಝರ್ಬ್ ಮಾಡ್ತಾರೆ. ಮರಳಲ್ಲಿ ಹೂತ ಡ್ರಮ್ಮಿನ ತಳದಲ್ಲಿ ಕೆಂಡ, ಅದರ ಮೇಲೆ ಕಬ್ಬಿಣದ ಜಾಲರಿಗಳನ್ನು ಅಂತಸ್ತಿನ ಹಾಗೆ ಇಳಿಸಿ, ಕೋಳಿ, ಕುರಿ, ಬಟಾಟೆ, ನೀರುಳ್ಳಿ ಎಲ್ಲಾ ಇಟ್ಟು, ಮುಚ್ಚಳ ಹಾಕಿ, ಕಂಬಳಿ ಹೊದಿಸಿ, ಮೇಲೆ ಮರಳು ಎಳೆದು ಎರಡು ಮೂರು ಗಂಟೆ ಬಿಡ್ತಾರೆ. ತೆಗೆಯುವಾಗ ಹೋಗಿ ನಿಲ್ಲಿ, ಆ ಪರಿಮಳ ಬಿಡಬಾರದು. ಶುದ್ಧ ಸಸ್ಯಾಹಾರಿಗಳು ಒಂದು ತಿಳ್ಕೊಳ್ಳಿ, ತರಕಾರಿ ಬೇಯೋದು ಮಾಂಸದ ಜೊತೆ ಅದೇ ಡ್ರಮ್ಮಿನಲ್ಲಿ, ಕೊಬ್ಬು ಕೆಳಗೆ ಇಳಿಯುತ್ತದೆ. ಬುಕ್ ಮಾಡುವಾಗಲೇ ಬೇರೆ ಪಾತ್ರೆಯಲ್ಲಿ ಮಾಡಿಕೊಡಿ ಅಂತ ಹೇಳಿ. ನೀರುಳ್ಳಿ, ಬೆಳ್ಳುಳ್ಳಿಯೂ ಬಿಟ್ಟವರು ಅವಲಕ್ಕಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗೋದೇ ಒಳ್ಳೇದು. ಕಡಲೆ ಅರೆದು ಮಾಡುವ ಹುಮ್ಮುಸ್, ಬಿಸಿ ಬೂದಿಯಲ್ಲಿ ಸುಟ್ಟ ರೊಟ್ಟಿ ಸಿಗುತ್ತದೆ, ಆದರೆ ಹುಮ್ಮುಸ್‌ಗೂ ಬೆಳ್ಳುಳ್ಳಿ ಹಾಕುವುದುಂಟು, ಕೇಳಿ ತಿನ್ನಿ.

ಕಾಫಿ ಕೊಟ್ಟರೆ ಬಲಗೈಯಲ್ಲಿ ತಗೊಳ್ಳಿ. ಹಿಡಿ ಇಲ್ಲದ ಸಣ್ಣ ಕಪ್ಪಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ, ಎರಡು ಗುಟುಕಿನಷ್ಟೇ. ಖಾಲಿ ಮಾಡಿದರೆ ಮತ್ತೆ ಹಾಕ್ತಾನೇ ಇರ್ತಾರೆ. ಸಾಕು ಅಂದರೆ ಕಪ್ಪನ್ನು ಆಚೀಚೆ ಸ್ವಲ್ಪ ಅಲ್ಲಾಡಿಸಿ ವಾಪಸ್ ಕೊಡಬೇಕು. ಹೆಂಗಸರ ಫೋಟೋ ತೆಗೀಬೇಡಿ, ಗಂಡಸರದ್ದಾದರೂ ಕೇಳಿ ತೆಗೀರಿ. ಮೊಣಕಾಲು, ಭುಜ ಮುಚ್ಚುವ ಬಟ್ಟೆ ಇರಲಿ. ನಾಲ್ಕು ಅರೇಬಿಕ್ ಮಾತು ಬೇಕಿದ್ದರೆ ಸೌದಿಯಲ್ಲಿ ದುಡಿದು ಬಂದ ನಮ್ಮ ಬ್ಯಾರಿ ಕಾಕನವರನ್ನು ಕೇಳಿ, ಖುಷಿಯಿಂದ ಕಲಿಸ್ತಾರೆ. ಮನೆಗೆ ಕರೆದರೆ ಬರಿಗೈಯಲ್ಲಿ ಹೋಗಬೇಡಿ, ನಮ್ಮ ಗೇರುಬೀಜದ ಪ್ಯಾಕೆಟ್ ಎರಡು ಬ್ಯಾಗಿನಲ್ಲಿರಲಿ.

ದುಡ್ಡು ಅಮ್ಮಾನ್‌ನಲ್ಲೋ ಬಂದರು ಪಟ್ಟಣ ಅಕಾಬಾದಲ್ಲೋ ತೆಗೆದುಕೊಂಡೇ ಬನ್ನಿ, ಹಳ್ಳಿಯಲ್ಲಿ ಎಟಿಎಂ ನಂಬಿಕೊಳ್ಳಬೇಡಿ. ಜೀಪು, ಒಂಟೆ ಸವಾರಿಯ ದರಪಟ್ಟಿ ವಿಸಿಟರ್ ಸೆಂಟರಿನಲ್ಲಿ ಇರುತ್ತದೆ, ಅದನ್ನು ನೋಡಿಕೊಂಡು ರೇಟು ಮೊದಲೇ ಮಾತಾಡಿ. ಮಾತಾಡಿದ ಮೇಲೆ ಚೌಕಾಸಿ ಬೇಡ. ಭಕ್ಷೀಸು ಕೊಡೋದಾದರೆ ಗೈಡಿಗೆ ಬೇರೆ, ಅಡುಗೆ ಮಾಡಿದವರಿಗೆ ಬೇರೆ, ಅವರವರ ಕೈಯಲ್ಲೇ ಕೊಡಿ.