ಹಂಚಿನ ಮನೆಗೊಂದು ವಾಲ್ವ್ ಆಂಪ್ಲಿಫೈಯರ್

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ವಾಲ್ವ್ ಆಂಪ್ಲಿಫೈಯರ್ (ಹಳೇ ರೇಡಿಯೋದಂತೆ ಗಾಜಿನ ವಾಲ್ವುಗಳಿಂದ ದನಿ ಹೆಚ್ಚಿಸುವ ಪೆಟ್ಟಿಗೆ) ತರೋಣ ಅಂತ ಹೊರಟಾಗ ನಾನು ಮೊದಲು ಲೆಕ್ಕ ಹಾಕಿದ್ದು ಮಳೆಯನ್ನು. ವಾಲ್ವುಗಳಲ್ಲಿ 300ಬಿ ಮೇಲೋ ಇಎಲ್34 ಮೇಲೋ ಅನ್ನುವ ಚರ್ಚೆ ಮುಗಿಯುವಂಥದ್ದಲ್ಲ. ಆಷಾಢದಲ್ಲಿ ಹಂಚಿನ ಮೇಲೆ ಮಳೆ ಹೊಯ್ಯುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ, ಅದರ ನಡುವೆ ಮಲ್ಲಿಕಾರ್ಜುನ ಮನ್ಸೂರರ ಆಲಾಪ ಕಿವಿಗೆ ಮುಟ್ಟಬೇಕು. ಬೆಂಗಳೂರಿನ ಅಂಗಡಿಯ ಮೆತ್ತೆ ಹೊಡೆದ ಕೋಣೆಯಲ್ಲಿ 8 ವ್ಯಾಟಿನ ಸಿಂಗಲ್-ಎಂಡೆಡ್ (ಒಂದು ಸ್ಪೀಕರಿಗೆ ಒಂದೇ ಔಟ್‌ಪುಟ್ ವಾಲ್ವ್ ದುಡಿಯುವ) 300ಬಿ ಕೇಳಿದೆ. ದನಿ ಅಷ್ಟು ಚೆನ್ನಾಗಿತ್ತು, ಎದ್ದು ಬರಲು ಮನಸ್ಸಾಗಲಿಲ್ಲ. "ಮನೆಗೆ ಇಷ್ಟು ಧಾರಾಳ ಸಾಕು ಸಾರ್" ಅಂದರು ಅಂಗಡಿಯವರು. ಅವರ ಮನೆಗೆ ಸಾಕು, ನಮ್ಮನೆಗೆ ಸಾಲದು.

ಲೆಕ್ಕ ಸುಲಭ. ಸ್ಪೀಕರಿನ ಸೆನ್ಸಿಟಿವಿಟಿ ಎಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಅನ್ನುವುದು. ಪವರ್ ಎರಡರಷ್ಟಾದರೆ ಸಿಗುವುದು 3 ಡೆಸಿಬೆಲ್ ಮಾತ್ರ. 85 ಡೆಸಿಬೆಲ್ ಸ್ಪೀಕರಿಗೆ 8 ವ್ಯಾಟ್ ಕೊಟ್ಟರೆ 94ಕ್ಕೆ ನಿಲ್ಲುತ್ತದೆ. 91 ಡೆಸಿಬೆಲ್ ಸ್ಪೀಕರಿಗೆ 12 ವ್ಯಾಟ್ ಕೊಟ್ಟರೆ 102ರ ಹತ್ತಿರ ಹೋಗುತ್ತದೆ. ಹಾಗಾಗಿ ನಾನು ಮೊದಲು 91 ಡೆಸಿಬೆಲ್‌ನ, 8 ಓಮಿನ ಸ್ಪೀಕರ್ ಗೊತ್ತುಮಾಡಿಕೊಂಡೆ. ಆಮೇಲೆ ಅದಕ್ಕೆ ಒಪ್ಪುವ 12 ವ್ಯಾಟಿನ ಇಎಲ್84 ಪುಶ್-ಪುಲ್ (ಎರಡೆರಡು ವಾಲ್ವ್ ಜೋಡಿಯಾಗಿ ದುಡಿಯುವ) ಆಂಪ್ಲಿಫೈಯರ್ ಹುಡುಕಿದೆ. ಇಎಲ್84 ನಮ್ಮ ಹಿರಿಯರಿಗೆ ಹೊಸದೇನಲ್ಲ. ವಾಲ್ವ್ ರೇಡಿಯೋಗಳಲ್ಲಿ ಇದ್ದದ್ದೇ, ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲದಲ್ಲಿ ವಾಲ್ವ್ ತಯಾರಿಸುತ್ತಿತ್ತು. ಭದ್ರಾವತಿ ಆಕಾಶವಾಣಿಯನ್ನು ಅಂಥ ರೇಡಿಯೋದಲ್ಲಿ ಕೇಳಿ ಬೆಳೆದವರು ಮಲೆನಾಡಿನಲ್ಲಿ ಈಗಲೂ ಇದ್ದಾರೆ.

ಎರಡನೆಯದು ವೋಲ್ಟೇಜು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಸಂಗತಿ ಇದೇ. ತೋಟದ ಪಂಪ್‌ಸೆಟ್ಟುಗಳು ಓಡುವಾಗ ನಮ್ಮಲ್ಲಿ 190ಕ್ಕೆ ಇಳಿಯುತ್ತದೆ, ನಡುರಾತ್ರಿ 250 ಮುಟ್ಟುತ್ತದೆ. ಹೊರದೇಶದಿಂದ ಬರುವ ಎಷ್ಟೋ ಆಂಪ್ಲಿಫೈಯರುಗಳ ಟ್ರಾನ್ಸ್‌ಫಾರ್ಮರ್ 220 ವೋಲ್ಟಿಗೆ ಸುತ್ತಿದ್ದು. ವಾಲ್ವನ್ನು ಒಳಗಿನಿಂದ ಕಾಯಿಸುವ ಹೀಟರಿಗೆ ಬೇಕಾದ್ದು 6.3 ವೋಲ್ಟ್. ಗೋಡೆಯಲ್ಲಿ 250 ಇದ್ದರೆ ಆ 220ರ ಟ್ರಾನ್ಸ್‌ಫಾರ್ಮರ್ 7.16ರಷ್ಟು ಕೊಡುತ್ತದೆ, ಹತ್ತು ಪರ್ಸೆಂಟಿಗಿಂತ ಹೆಚ್ಚು. ವಾಲ್ವಿನ ಆಯುಸ್ಸು ಅಲ್ಲೇ ಸವೆಯುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ 230ಕ್ಕೆಂದೇ ಬಿಟ್ಟ ತಂತಿ (ಟ್ಯಾಪ್) ಇದ್ದರೆ ಅದೇ ಹೊತ್ತಿನಲ್ಲಿ 6.85, ತಡೆದುಕೊಳ್ಳುತ್ತದೆ. ನಾನು ಹಿಂದಿನ ಲೇಬಲ್ ಓದಿ, 230 ಇದ್ದದ್ದನ್ನೇ ತೆಗೆದುಕೊಂಡೆ. ಇಳಿಯುವ ವೋಲ್ಟೇಜಿಗೆ ಸರ್ವೋ ಸ್ಟೆಬಿಲೈಸರ್ ಹಾಕಿಸಿದೆ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಓಡಿಸಿದರೆ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತದೆ, ಅದಕ್ಕೆ ಸೈನ್ ವೇವ್‌ನದ್ದೇ ಆಗಬೇಕು. ಹಾಡು ನಿಲ್ಲಿಸಿದರೂ ಈ ಆಂಪ್ಲಿಫೈಯರ್ 100 ವ್ಯಾಟ್ ಆಸುಪಾಸು ಎಳೆಯುತ್ತಲೇ ಇರುತ್ತದೆ, ಬ್ಯಾಟರಿಯ ಲೆಕ್ಕದಲ್ಲಿ ಅದೂ ಸೇರಲಿ.

ವಾಲ್ವಿನಿಂದ ಸ್ಪೀಕರಿಗೆ ದನಿ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಕೈಯಲ್ಲಿ ಎತ್ತಿ, ಕಿವಿಯಲ್ಲಿ ಕೇಳಿ ನೋಡಬೇಕು. ಕಬ್ಬಿಣ ಕಮ್ಮಿ ಹಾಕಿದ್ದರೆ ಕೆಳಗಿನ ಸ್ವರಗಳಲ್ಲಿ ಅದರ ಕಬ್ಬಿಣದ ತಿರುಳು (ಕೋರ್) ಕಾಂತಶಕ್ತಿಯಿಂದ ತುಂಬಿಹೋಗಿ ದನಿ ಒಡೆಯುತ್ತದೆ. ನಾನು ಜೊತೆಗೆ ಒಯ್ದದ್ದು ವಿಲಂಬಿತ್ ಖಯಾಲಿನ ರೆಕಾರ್ಡು. ತಬಲಾ ಜೋಡಿಯ ಡಗ್ಗಾದ ಮೇಲೆ ಮಣಿಕಟ್ಟು ಒತ್ತಿ ಜಾರಿಸಿದಾಗ ಹುಟ್ಟುವ ಗಮಕ ಉರುಳುತ್ತ ಮೇಲೇರಬೇಕು. ಒಂದು ಆಂಪ್ಲಿಫೈಯರಿನಲ್ಲಿ ಅದು ಬರೀ ಧಡ್ ಅಂತ ಸತ್ತುಹೋಯಿತು, ಬೆಲೆ ಕೇಳದೆ ಮುಂದೆ ಹೋದೆ. ಆಮೇಲೆ ವಾಲ್ಯೂಮ್ ಸೊನ್ನೆಗೆ ಇಳಿಸಿ ಸ್ಪೀಕರಿಗೆ ಕಿವಿ ಹಚ್ಚಿ ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು, ಎಷ್ಟಿದೆ ಕೇಳಿದೆ. ಸೆನ್ಸಿಟಿವ್ ಸ್ಪೀಕರಿನಲ್ಲಿ ಹಮ್ ಮುಚ್ಚಿಟ್ಟರೂ ಮುಚ್ಚಿಡಲಾಗುವುದಿಲ್ಲ. ಮನೆಯ ಅರ್ತಿಂಗ್ ಗುಂಡಿಗೂ ಬೇಸಿಗೆಯಲ್ಲಿ ನೀರು ಹೊಯ್ಯುತ್ತಿರಬೇಕು.

ವಾಲ್ವಿನಲ್ಲಿ ಸದಾ ಹರಿಯುವ ಕರೆಂಟನ್ನು ಹದಕ್ಕಿಡುವುದಕ್ಕೆ ಬಯಾಸ್ ಅನ್ನುತ್ತಾರೆ, ಅದರ ವಿಷಯದಲ್ಲಿ ನನ್ನ ಆಯ್ಕೆ ಕ್ಯಾಥೋಡ್ ಬಯಾಸ್, ಅಂದರೆ ತಂತಾನೇ ಹೊಂದಿಕೊಳ್ಳುವಂಥದ್ದು. ಫಿಕ್ಸೆಡ್ ಬಯಾಸಿನಲ್ಲಿ ಪವರ್ ಜಾಸ್ತಿ ಸಿಗುತ್ತದೆ, ಆದರೆ ಪ್ರತಿ ಸಲ ವಾಲ್ವ್ ಬದಲಿಸಿದಾಗ ಮೀಟರ್ ಹಿಡಿದು ಸರಿಪಡಿಸುವವರು ಬೇಕು. ಒಳಗೆ 300 ವೋಲ್ಟಿಗೂ ಮೇಲೆ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ತಿಳಿಯದವರು ತಳದ ತಗಡು ಬಿಚ್ಚಲೇಬಾರದು.

ತೇವಕ್ಕೆ ವಾಲ್ವ್ ಸಾಕೆಟ್ಟಿನ ಕಾಲುಗಳು ಕಿಲುಬುತ್ತವೆ. ಪಿಂಗಾಣಿ ಸಾಕೆಟ್ ಇದ್ದದ್ದನ್ನು ಆರಿಸಿ, ಮಳೆಗಾಲದಲ್ಲಿ ಕೇಳಲು ಪುರುಸೊತ್ತಿಲ್ಲದಿದ್ದರೂ ಸ್ವಲ್ಪ ಹೊತ್ತು ಉರಿಸುತ್ತೇನೆ. ಬೆಚ್ಚಗಿದ್ದಲ್ಲಿಗೆ ಹಲ್ಲಿ ಬರುತ್ತದೆ, ತಳದ ಗಾಳಿ ತೂತುಗಳಿಗೆ ಸಣ್ಣ ಕಣ್ಣಿನ ಜಾಲರಿ ಕೂರಿಸಿದೆ. ನಾಲ್ಕು ಹೊಂದಿಕೆಯ ಇಎಲ್84 ಮುಂಚೆಯೇ ತರಿಸಿ ಗೂಡಿನಲ್ಲಿಟ್ಟಿದ್ದೇನೆ. ಸ್ಲೊವಾಕಿಯಾದ ಜೆಜೆ ಕಂಪನಿ ಇವತ್ತಿಗೂ ಮಾಡುತ್ತದೆ, ಆದರೆ ಕೊರಿಯರ್ ನಮ್ಮೂರು ಮುಟ್ಟುವಷ್ಟು ದಿನ ಹಾಡಿಲ್ಲದೆ ಇರುವುದು ನನಗೆ ಆಗದು. ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಕೇಳಿದೊಡನೆ ಪ್ಲಗ್ ಕಿತ್ತಿಡುತ್ತೇವೆ. ನಾನಿಲ್ಲದಾಗ ಅದು ಅಮ್ಮನ ಕೆಲಸ.